ಮೂವತ್ತಡಿ ರಸ್ತೆ

ಕಾಗದದ ಮೇಲೆ ನಮ್ಮ ಬೀದಿ ಮೂವತ್ತಡಿ.
ಪೆನ್ಷನ್ ಮೊಹಲ್ಲಾದ ಹಳೇ ನಕ್ಷೆಯಲ್ಲಿ
ಎರಡು ನೀಲಿ ಗೆರೆ, ನಡುವೆ ಏನೂ ಇಲ್ಲ.
ಅಷ್ಟೊಂದು ಖಾಲಿಯನ್ನು ನಾನಂತೂ ಇಲ್ಲಿ ಕಂಡವನಲ್ಲ.

ಸಭೆ ಹತ್ತಕ್ಕೆ ಅಂದಿದ್ದು ಹನ್ನೊಂದೂವರೆಗೆ ಶುರು.
ಉರ್ದು ಶಾಲೆಯ ಮಕ್ಕಳ ಬೆಂಚಿನಲ್ಲಿ
ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು ನಾವು,
ಎದುರಿಗೆ ವಾರ್ಡಿನ ಸದಸ್ಯೆ ಪದ್ಮಾಕ್ಷಿ,
ಪಕ್ಕದಲ್ಲಿ ನಗರಸಭೆಯ ಇಂಜಿನಿಯರು,
ಅವರ ಬೆನ್ನ ಹಿಂದೆ ಬೋರ್ಡಿನಲ್ಲಿ
ಶನಿವಾರದ ಗುಣಾಕಾರ, ಉತ್ತರ ಬರೆಯದೇ ಬಿಟ್ಟದ್ದು.

ಮೊದಲು ಎದ್ದವನು ಬಡಗಿ ಕಾಳಾಚಾರಿ.
'ಹಾಸನಾಂಬೆ ಬಾಗ್ಲಾದ್ರೂ ವರ್ಷಕ್ಕೊಂದ್ಸಲ ತೆಗೀತಾರೆ,
ನಮ್ಮ ರೋಡಿನ ಫೈಲು?'
ಎಲ್ಲರೂ ನಕ್ಕರು. ಪದ್ಮಾಕ್ಷಿಯೂ.
ನಗು ನಿಂತ ಮೇಲೆ ಬಂತು ಲೆಕ್ಕ:
ಒಳಚರಂಡಿಗೆ ಅಂತ ಅಗೆದರು,
ಹೇಮಾವತಿ ನೀರಿಗೆ ಅಂತ ಅಗೆದರು,
ಗ್ಯಾಸಿನ ಪೈಪಿಗೆ ಅಂತ ಬಂದವರು
ನೀರಿನ ಪೈಪನ್ನೂ ಒಡೆದು ಹೋದರು.
ಮುಚ್ಚುವುದಕ್ಕೆ ಮಾತ್ರ ಯಾರಿಗೂ ಟೆಂಡರ್ ಆಗಿರಲಿಲ್ಲ.

ಮೆಹರುನ್ನೀಸಾ ಮಾತೇ ಆಡಲಿಲ್ಲ.
ಗುಂಡಿಗೆ ಬಿದ್ದು ಮುರಿದ ಮಣಿಕಟ್ಟು,
ಬಿಳೀ ಪ್ಲಾಸ್ಟರಿನ ಕೈ,
ಎತ್ತಿ ಹಿಡಿದಳು ಅಷ್ಟೆ.
'ಹೊಸ ರಸ್ತೆ ಬೇಕೆನ್ನುವವರು?'
ಕೋಣೆಯ ತುಂಬ ಕೈಗಳು,
ಮೇಷ್ಟ್ರ ಪ್ರಶ್ನೆಗೆ ಎಂದೂ ಏಳದಿದ್ದ ನನ್ನದೂ ಸೇರಿ.

ದುಡ್ಡು ಬಂದಿದೆ, ಅಂದರು ಇಂಜಿನಿಯರು.
ಕಾಂಕ್ರೀಟು, ಎರಡೂ ಕಡೆ ಚರಂಡಿ, ದೀಪ. ಆದರೆ,
(ಈ 'ಆದರೆ' ಅವರ ಜೇಬಿನಲ್ಲಿ
ಟೇಪಿನ ಜೊತೆಗೇ ಇರುತ್ತದೆ)
ಮೂವತ್ತಡಿ ಸಿಗಬೇಕು.

ಎಲ್ಲರೂ ಹೊರಗೆ ಬಂದೆವು.
ಟೇಪಿನ ಈ ತುದಿ ಕಾಳಾಚಾರಿಯ ಗೋಡೆಗೆ,
ಆ ತುದಿ ಹಿಡಿದು ಓಡಿದ ಹುಡುಗ ಕೂಗಿದ:
ಇಪ್ಪತ್ತೆರಡೂವರೆ!
ಮತ್ತೆ ಹಿಡಿದರು. ಇಪ್ಪತ್ತೆರಡೂವರೆ.
ಉಳಿದ ಏಳೂವರೆ ಅಡಿಯನ್ನು ನುಂಗಿದವರು ಯಾರು
ಅಂತ ಯಾರೂ ಕೇಳಲಿಲ್ಲ.
ಒಂದು ಮೆಟ್ಟಿಲು, ಒಂದು ತುಳಸಿಕಟ್ಟೆ,
ಸಂಪಿನ ಮುಚ್ಚಳ, ಬಟ್ಟೆ ಒಗೆಯುವ ಕಲ್ಲು,
ಮಗಳ ಮದುವೆಯ ಶಾಮಿಯಾನದ ನೆಪದಲ್ಲಿ
ಮುಂದೆ ಬಂದು, ಮದುವೆ ಮುಗಿದು
ಮೊಮ್ಮಗಳು ಶಾಲೆಗೆ ಸೇರಿದರೂ
ಹಿಂದೆ ಹೋಗದ ಒಂದು ಕಾಂಪೌಂಡು.
ಕೆಂಪು ಬಣ್ಣದ ಡಬ್ಬಿ ಹಿಡಿದು
ಹುಡುಗ ಮನೆಮನೆಗೂ ಗೆರೆ ಎಳೆಯುತ್ತ ಬಂದ.

ನನ್ನ ಹಿಟ್ಟಿನ ಗಿರಣಿಯ ಕಟ್ಟೆ: ಎರಡಡಿ ನಾಲ್ಕಂಗುಲ.
ಕರೆಂಟು ಹೋದಾಗ ರಾಗಿಡಬ್ಬಗಳು ಅಲ್ಲೇ ಸಾಲು ಕೂರುತ್ತವೆ,
ಹೆಂಗಸರು ಮನೆಗೆ ಹೋಗಿ ಸಾರಿಗೆ ಒಗ್ಗರಣೆ ಹಾಕಿ ಬರುತ್ತಾರೆ,
ಡಬ್ಬ ಅವರ ಸರದಿ ಕಾಯುತ್ತದೆ.
ಇಪ್ಪತ್ತಾರು ವರ್ಷದಲ್ಲಿ ಒಂದೂ ತಪ್ಪಿಲ್ಲ,
ಒಂದೂ ಅದಲು ಬದಲಾಗಿಲ್ಲ.
ಇದನ್ನೆಲ್ಲ ಹೇಳಬೇಕೆಂದು ಬಾಯಿ ತೆರೆದೆ.
'ಸರ್, ಇಲ್ಲಿ ಸ್ವಲ್ಪ ಪಕ್ಕಕ್ಕೆ' ಅಂದ ಹುಡುಗ.
ಪಕ್ಕಕ್ಕೆ ನಿಂತೆ. ಗೆರೆ ಎಳೆದ.

ಮತ್ತೆ ಬೆಂಚು, ಮತ್ತೆ ಅದೇ ಪ್ರಶ್ನೆ.
ಈ ಸಲದ ಕೈಗಳು ಅರ್ಧಕ್ಕೆ ಎದ್ದು
ತಲೆ ಕೆರೆದುಕೊಂಡವು,
ಕನ್ನಡಕ ಸರಿಮಾಡಿಕೊಂಡವು,
ಇಲ್ಲದ ನೊಣ ಓಡಿಸಿದವು.
ಎತ್ತರಕ್ಕೆ ಉಳಿದದ್ದು ಒಂದೇ, ಬಿಳಿಯದು.
'ಡಾಕ್ಟರು ಮೇಲೇ ಇಟ್ಕೊಳಿ ಅಂದಿದಾರೇನೋ'
ಅಂದರು ಹಿಂದಿನ ಬೆಂಚಿನಿಂದ.
'ಅಂದಿದಾರೆ' ಅಂದಳು ಮೆಹರುನ್ನೀಸಾ,
'ಆದ್ರೂ ಎಣಿಸ್ಕೊಳಿ.'

ಒಂದು, ಎಂದು ಬರೆದುಕೊಂಡರು.
ಮುಂದಿನ ಸಭೆಗೆ, ಎಂದೂ ಬರೆದುಕೊಂಡರು.

ಹಾರೆ ಗಿರಣಿಯ ಹಿಂದೆಯೇ ಇದೆ, ಗೋಣಿಚೀಲದ ಕೆಳಗೆ.
ಯಾರಾದರೂ ಮೊದಲು ಶುರು ಮಾಡಲಿ ಎಂದು
ಇಪ್ಪತ್ತು ಮನೆ ಕಾಯುತ್ತಿವೆ.
ನನ್ನದು ಇಪ್ಪತ್ತೊಂದನೆಯದು.

ಸಂಜೆ ಕರೆಂಟು ಹೋಯಿತು.
ಕಾಳಾಚಾರಿಯ ಸೊಸೆ ಡಬ್ಬ ತಂದವಳು
ಕೆಂಪು ಗೆರೆ ನೋಡಿ ನಿಂತಳು:
'ಎಲ್ಲಿಡ್ಲಿ ಅಣ್ಣ? ಈ ಕಡೆಗೋ, ಆ ಕಡೆಗೋ?'
ಉತ್ತರ ಹೊಳೆಯುವಷ್ಟರಲ್ಲಿ
ನಡು ಗೆರೆಯ ಮೇಲೇ ಇಟ್ಟು ಹೋದಳು.
ಬಣ್ಣ ಇನ್ನೂ ಹಸಿ.
ಈಗ ಅವಳ ಅಡುಗೆಮನೆಯ ನೆಲದಲ್ಲಿ
ಅರ್ಧ ಬಳೆಯಷ್ಟು ಕೆಂಪು ಇದ್ದೀತು.