ನಲವತ್ತೊಂದನೆಯ ನಡೆ

ಹೇಸ್ಟಿಂಗ್ಸ್, ಎಂಬತ್ತಾರರ ಜನವರಿ.
ಸಭಾಂಗಣದ ಹೀಟರು ಒಂದೇ ಮೂಲೆಯನ್ನು ಕಾಯಿಸುತ್ತದೆ.
ಹೊರಗೆ ಕಡಲು ಉರುಟುಗಲ್ಲುಗಳನ್ನು
ಎಳೆದೊಯ್ದು ಮತ್ತೆ ತಂದು ಸುರಿಯುತ್ತದೆ,
ಮೊರದಲ್ಲಿ ಯಾರೋ ಹುರುಳಿ ಕೇರಿದ ಹಾಗೆ.

ವರ್ಷವೆಲ್ಲ ಅಂಚೆ ಕಚೇರಿಯ ಕಂಡಿಯೊಳಗೆ
ಸ್ಟ್ಯಾಂಪು ಹರಿದುಕೊಡುವವನು ನಾನು.
ಈ ಹತ್ತು ದಿನ ಮಾತ್ರ ಕೋಟಿನ ಎದೆಗೆ
ತೀರ್ಪುಗಾರನ ಬಿಲ್ಲೆ.
ಸುಲಭದ ಕೆಲಸ: ನೋಡುವುದು.
ಕಷ್ಟವೂ ಅದೇ.

ಮೂರನೆಯ ಮೇಜು. ಗ್ವಿಲಿಮ್ ಪ್ರಾಸರ್, ಐವತ್ತೆಂಟು,
ಸ್ವೆಟರಿನ ಮೊಣಕೈಗೆ ತೇಪೆ,
ಹನ್ನೊಂದು ಸಲ ಈ ಊರಿಗೆ ಬಂದು
ಒಂದು ಸಲವೂ ಕಪ್ಪು ಒಯ್ಯದ ಗ್ರ್ಯಾಂಡ್‌ಮಾಸ್ಟರು.
ಎದುರಿಗೆ ಐಸ್‌ಲ್ಯಾಂಡಿನ ಹುಡುಗ ಥೋರ್ಗೈರ್.
ಶೂ ಬಿಚ್ಚಿಟ್ಟು, ಕುರ್ಚಿಯ ಮೇಲೆ ಕಾಲು ಮಡಚಿ,
ಉಗುರು ಮುಗಿದು ಬೆರಳನ್ನೇ ಕಚ್ಚುತ್ತಿದ್ದ.

ಹದಿನೆಂಟನೆಯ ನಡೆಗೆ ಪ್ರಾಸರ್
ಐವತ್ತು ನಿಮಿಷ ಯೋಚಿಸಿದರು.
ನಾನು ಟೀ ಕುಡಿದು, ಲೋಟ ತೊಳೆದಿಟ್ಟು ಬಂದರೂ
ಕೈ ಗಲ್ಲದ ಮೇಲೇ ಇತ್ತು.
ಆಮೇಲೆ ಒಂಟೆಯನ್ನು ಬಲಿ ಕೊಟ್ಟರು.
ಏನು ಚಂದ ಅಂತೀರಿ!
ಒಂದೊಂದೇ ಎಳೆ ಎಳೆದ ಹಾಗೆ ಹುಡುಗನ ಕೋಟೆ ಬಿಚ್ಚಿ
ಮೂವತ್ತನೆಯ ನಡೆಗೆ ಇಡೀ ಒಂದು ಆನೆ ಹೆಚ್ಚು.

ಆದರೆ ಆ ಚಂದಕ್ಕೆ ಬೆಲೆ ಕಟ್ಟಿದ್ದು ಗಡಿಯಾರ.
ಮುಳ್ಳಿನ ತುದಿಗೆ ಸಿಕ್ಕಿ ಕೆಂಪು ಬಾವುಟ ಏಳುತ್ತಿತ್ತು.
ಅದು ಬೀಳುವ ಮುನ್ನ ನಲವತ್ತು ಮುಗಿಯಬೇಕು.
ಹತ್ತು ನಡೆ, ಮೂರು ನಿಮಿಷ.
ನಡೆ ಬರೆಯುವುದು ಬಿಟ್ಟು ಪ್ರಾಸರ್
ಹಾಳೆಯಲ್ಲಿ ಚುಕ್ಕಿ ಇಡತೊಡಗಿದರು. ನಾನು ಪಕ್ಕದಲ್ಲಿ ನಿಂತು
ಎಲ್ಲವನ್ನೂ ಬರೆದುಕೊಂಡೆ.

ಮೂವತ್ತನಾಲ್ಕು: ಎರಡೇ ನಡೆಗೆ ಮಾತ್ ಇತ್ತು,
ಕುದುರೆ ಬೇರೆ ಮನೆಗೆ ಹಾರಿತು.
ಮೂವತ್ತಾರು: ಮಂತ್ರಿಯಿಂದ ಶಹ ಕೊಡುತ್ತಲೇ ಹೋಗಿದ್ದರೆ
ಹುಡುಗನಿಗೆ ಡ್ರಾ ಖಚಿತ. ಅವನಿಗೂ ಕಾಣಲಿಲ್ಲ.
ಅವನ ಬಾವುಟವೂ ಅಡ್ಡ ಮಲಗಿತ್ತು.
ಮೂವತ್ತೇಳು: ತೋಳು ತಾಗಿ ಕಾಲಾಳೊಂದು ಉರುಳಿತು.
ಅದನ್ನು ಎತ್ತಿ ನಿಲ್ಲಿಸುವ ಗಡಿಬಿಡಿಯಲ್ಲಿ ಪ್ರಾಸರ್
ಚುಕ್ಕಿ ಇಡಲು ಮರೆತರು.

ನಾನು ನೋಡಿದೆ.

ಇಪ್ಪತ್ತು ವರ್ಷ ಇಂಗ್ಲಿಷಿನಲ್ಲಿ ದುಡಿದರೂ
ಎಣಿಕೆ ನನಗೆ ಕನ್ನಡದಲ್ಲೇ ಬರುವುದು.
ಮೂವತ್ತೆಂಟು. ಮೂವತ್ತೊಂಬತ್ತು.
ನಲವತ್ತು.
ಗಟ್ಟಿಯಾಗಿ ಎಣಿಸಿದ್ದರೂ ಆ ಸಭಾಂಗಣದಲ್ಲಿ
ಒಬ್ಬರಿಗೂ ಅರ್ಥವಾಗುತ್ತಿರಲಿಲ್ಲ.
ಆದರೂ ತುಟಿ ಬಿಗಿದೆ.
ಬಾವುಟ ಬೀಳುವ ತನಕ ತೀರ್ಪುಗಾರ ಮೂಕ.

ಆಗಿಹೋಗಿತ್ತು. ಮುಂದಿನ ಒಂದು ಗಂಟೆ ಅವರದೇ.
ಎದ್ದು ಮಫ್ಲರ್ ಸುತ್ತಿಕೊಂಡು
ಮೀನುಬಲೆಯ ಕರಿ ಮರದ ಗುಡಿಸಲುಗಳ ತನಕ ನಡೆದು
ಒಂದು ಸಿಗರೇಟು ಸೇದಿ ಬರಬಹುದಿತ್ತು.
ಚುಕ್ಕಿಗಳ ಲೆಕ್ಕದಲ್ಲಿ ಮಾತ್ರ ಇನ್ನೂ ಒಂದು ಬಾಕಿ.
ಹಿಂದಿನ ಸಾಲು ಕಾಯುತ್ತಿದ್ದ ಆನೆಯನ್ನು ಎಳೆದು
ಯಾರಿಗೂ ಬೇಡವಾದ ಕಾಲಾಳೊಂದನ್ನು ಹೊಡೆದು
ಗಡಿಯಾರ ಗುದ್ದಿದರು.
ಬಾವುಟ ಬಿತ್ತು.

ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುತ್ತಿದ್ದರು
ನಮ್ಮ ಲೆಕ್ಕದ ಮೇಷ್ಟ್ರು, ಕಿವಿ ಹಿಂಡುತ್ತ.
ಈ ಮನುಷ್ಯನ ಬುದ್ಧಿ ಮಟ್ಟವಾಗಿರಲಿಲ್ಲ, ಮೇಷ್ಟ್ರೇ.
ಒಂದು ಚುಕ್ಕಿ ಕಡಿಮೆ ಬಿದ್ದಿತ್ತು, ಅಷ್ಟೆ.

ಹುಡುಗ ಕೂಡಲೇ ಆಡಲಿಲ್ಲ.
ಬಾಯಿಂದ ಬೆರಳು ತೆಗೆದ. ಎಂಟು ನಿಮಿಷ ನೋಡಿದ,
ಬೀದಿಯಲ್ಲಿ ಬಿದ್ದ ಪರ್ಸನ್ನು ನೋಡುವಂತೆ,
ಒಡೆಯ ಹತ್ತಿರವೇ ಇರಬಹುದೆಂದು.
ಕೊನೆಗೆ ಅವನ ಆನೆ ಹಿಂದಿನ ಸಾಲಿಗೆ ಇಳಿಯಿತು.
ಮಾತ್.
'ಸಾರಿ' ಎಂದ, ಶೂ ಹುಡುಕುತ್ತ.

ಎಲ್ಲರೂ ಹೋದ ಮೇಲೆ ಪ್ರಾಸರ್ ನನ್ನ ಬಳಿ ಬಂದರು.
'ಆಗಿತ್ತೇ?'
'ಆಗಿತ್ತು.'
ನನ್ನ ಹಾಳೆಯನ್ನು ಹೀಟರಿನ ಬೆಳಕಿಗೆ ಹಿಡಿದು
ಮೇಲಿಂದ ಕೆಳಗೆ ಬೆರಳಿಟ್ಟು ಓದಿದರು.
'ನಿಮ್ಮ ಕೈಬರಹ ಚೆನ್ನಾಗಿದೆ' ಎಂದರು.

ಸೋಮವಾರ ಕಂಡಿಯಲ್ಲಿ ಮುದುಕಿಯೊಬ್ಬಳು
ನಲವತ್ತು ಸ್ಟ್ಯಾಂಪು ಕೇಳಿದಳು.
ಎಣಿಸಿದೆ. ತುಟಿ ಬಿಚ್ಚಿ, ಗಟ್ಟಿಯಾಗಿ,
ನನ್ನ ಭಾಷೆಯಲ್ಲಿ, ಒಂದರಿಂದ.
ಸಾಲು ಬಾಗಿಲು ದಾಟಿ ಬೀದಿಗೆ ಬೆಳೆಯಿತು.