ಎಡಗಿವಿಗೊಂದು ತಿರುಗಣೆ

ಮೊದಲ ಬೋರ್ಡು ಸುಟ್ಟೆ. ಎರಡನೆಯದು
ಬಲಗಡೆ ಮಾತ್ರ ಹಾಡಿತು. ಮೂರನೆಯದನ್ನು
ಗೋಣಿಕೊಪ್ಪದ ನನ್ನ ಅಂಗಡಿಯಲ್ಲಿ, ಬಿಚ್ಚಿಟ್ಟ ಮಿಕ್ಸಿಗಳ ನಡುವೆ,
ಶಟರ್ ಅರ್ಧ ಎಳೆದು ಕೂತು ಮುಗಿಸಿದೆ.

ಮೇದಪ್ಪ ಮಾವನಿಗೆ ಈ ತಿಂಗಳು ಎಪ್ಪತ್ತು.
ಮೂವತ್ತೊಂದು ವರ್ಷ ಕಾಫಿ ಕ್ಯೂರಿಂಗಿನಲ್ಲಿ
ಹಲ್ಲರ್ ಯಂತ್ರವನ್ನು ಎಡಕ್ಕಿಟ್ಟುಕೊಂಡು ನಿಂತವನು.
ಬೀಜದ ಸಿಪ್ಪೆಯ ಜೊತೆ ಆ ಕಿವಿಯೂ
ಗಾಳಿಗೆ ತೂರಿಹೋಯಿತು.

ಅದಕ್ಕೇ ತಿರುಗಣೆ ಎರಡು:
ಬಲಕ್ಕೆ ಸತ್ತ ರೇಡಿಯೊದ್ದು,
ಎಡಕ್ಕೆ ಕಾಚಂಪುಳಿ ಬಾಟಲಿಯ ಮುಚ್ಚಳ.
ಎಷ್ಟು ತೊಳೆದರೂ ಹುಳಿ ವಾಸನೆ ಬಿಟ್ಟಿಲ್ಲ.
ಮೈಗೆ ಬಿಸ್ಕತ್ತಿನ ಡಬ್ಬಿ. ಒಳಗೆ ಎಲ್ಲಿಂದಲೋ
ಸಣ್ಣಗೆ ಗುಂಯ್. ಅರ್ತಿಂಗು ಮೂರು ಸಲ ಬದಲಿಸಿದೆ.
ಹೋಗಲಿಲ್ಲ.

ಹಾಕಿದ್ದು ಹಳೇ ಕ್ಯಾಸೆಟ್ಟು. ಪುತ್ತರಿ ರಾತ್ರಿ,
ನಾಲ್ವರು, ನಾಲ್ಕು ದುಡಿ.
"ಮೂವರೇ" ಎಂದ ಮಾವ, ಎಂದಿನಂತೆ.
ಮುಚ್ಚಳ ತಿರುವಿದೆ. ಇಷ್ಟು. ಇನ್ನಿಷ್ಟು.
ಎಡ ಮೂಲೆಯಲ್ಲಿ ಯಾರೋ ಕೆಮ್ಮಿ,
ಉಸಿರೆಳೆದು, ಪದ ಹಿಡಿದು,
ಮೂರನೇ ಸಾಲಿಗೆ ಬಂದವನೇ ತಾಳ ತಪ್ಪಿದ.

"ಯಾರವನು? ದುಡಿ ಹಿಡಿಯಲೂ ಬಾರದವನು!"

ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನ ನೋಡಿದಳು.
ನಾನು ಸೋಲ್ಡರ್ ಕಚ್ಚಿದ ಹೆಬ್ಬೆರಳು ನೋಡಿಕೊಂಡೆ.

ಕ್ಯಾಸೆಟ್ಟು ಇನ್ನೂ ನಾಲ್ಕು ಸಾಲು ಓಡಿತು.
ಆಮೇಲೆ ಮಾವ ನಗತೊಡಗಿದ, ಭುಜ ಕುಲುಕಿ,
ಬೆರಳಲ್ಲಿ ಹಿಂದಕ್ಕೆ, ಹಿಂದಕ್ಕೆ ಎಂದು ಸನ್ನೆ ಮಾಡಿದ,
ಆ ತಪ್ಪು ಇನ್ನೊಮ್ಮೆ ಕೇಳಬೇಕಂತೆ.

"ಆ ಗುಂಯ್ ಒಂದು ಸರಿಮಾಡಿ ಕೊಡ್ತೀನಿ ಮಾವ."

"ಏನೂ ಮುಟ್ಟಬೇಡ" ಎಂದು ಕೂಗಿದ,
ಆಚೆ ಮನೆಯ ನಾಯಿ ಬೊಗಳುವಷ್ಟು ಜೋರಾಗಿ,
ಎರಡೂ ಕಿವಿ ತುಂಬಿದವರು ಕೂಗುವ ಹಾಗೆ.