ಚೀಟಿಯಿಲ್ಲದ ಡಬ್ಬಿ

ಮುಯ್ನಾಕಿನಿಂದ ಕಡಲು ಎದ್ದು ಹೋಗಿ ನಲವತ್ತು ವರ್ಷ.
ಹೋಗುವಾಗ ಯಾರಿಗೂ ಹೇಳಲಿಲ್ಲ ಅನ್ನುತ್ತಾರೆ.
ಸುಳ್ಳು. ಓರಿಂಗುಲ್‌ಗೆ ಹೇಳಿತ್ತು.

ಮೀನಿನ ಕಾರ್ಖಾನೆಯಲ್ಲಿ ಚೀಟಿ ಅಂಟಿಸುವ ಕೆಲಸ ಅವಳದು.
ಕೊನೆಯ ಪಾಳಿ ಮುಗಿದ ರಾತ್ರಿ, ದೀಪ ಆರಿದ ಮೇಲೆ,
ನಿಂತ ಬೆಲ್ಟಿನ ಮೇಲೆ ಒಂದು ಡಬ್ಬಿ ತಾನಾಗಿ ಬಂತು:
ಬಾಯಿ ಬೆಸೆದದ್ದು, ಚೀಟಿಯಿಲ್ಲದ್ದು,
ಹಸುಗೂಸಿನ ನೆತ್ತಿಯ ಹಾಗೆ ಮಿಡಿಯುತ್ತಿದ್ದದ್ದು.

ಚಹಾಪುಡಿಯ ಹಿಂದೆ ಅದನ್ನಿಟ್ಟು ಮರೆತಳು.
ಅಂದರೆ, ದಿನಕ್ಕೆ ಮೂರು ಸಲ ಮರೆತಳು.

ಈಗ ರಾತ್ರಿ ಎರಡು ದಾಟಿದರೆ
ಮರಳಲ್ಲಿ ಮಗುಚಿದ ಹಡಗುಗಳು ಮೈ ಮುರಿಯುತ್ತವೆ.
ತುಕ್ಕು ಹಿಂದಕ್ಕೆ ನಡೆದು ಬಣ್ಣವಾಗುತ್ತದೆ.
ಒಂಟೆಗಳು ಎದ್ದು ತಮ್ಮ ಮೊಣಕಾಲು ಮೂಸುತ್ತವೆ: ಒದ್ದೆ.
ನಾಯಿ ಬೊಗಳಿದರೆ
ಬಾಯಿಂದ ಬರೀ ಗುಳ್ಳೆ.

ಗಂಡ ತಿಲೆವ್‌ಮುರಾತ್, ಸತ್ತು ಹನ್ನೊಂದು ವರ್ಷವಾದವನು,
ಗಮ್‌ಬೂಟು ಮೆಟ್ಟಿ ಬಾಗಿಲಲ್ಲಿ:
"ಬಲೆ ಎಲ್ಲಿಟ್ಟೆ?"
ಅದೇ ಸಿಡುಕು, ಅದೇ ತಂಬಾಕಿನ ಕೆಮ್ಮು.
ಕಿವಿಯ ಹಿಂದೆ ಮಾತ್ರ, ಮೊದಲಿರಲಿಲ್ಲ,
ತೆರೆದು ಮುಚ್ಚುವ ಮೂರು ಕೆಂಪು ಗೀರು.
ಅವಳು ಬಲೆ ತೋರಿಸಲಿಲ್ಲ. ರೊಟ್ಟಿ ಮುರಿದು ಕೊಟ್ಟಳು.
ಹಿಡಿಯಲು ಅವನ ಬೆರಳು ಬಿಡಿಬಿಡಿಯಾಗಿ ಇರಲಿಲ್ಲ.

ಅವನು ತಂದ ಸುದ್ದಿ ಇಷ್ಟು:
ಅಲ್ಲಿ, ಆ ಮಗ್ಗುಲಿನ ಮುಯ್ನಾಕಿನಲ್ಲಿ,
ಕಡಲು ಎಲ್ಲಿಗೂ ಹೋಗಿಲ್ಲ.
ಬತ್ತಿದ್ದು ಜನ.
ಮೊದಲು ಅಂಚಿನವರು, ಆಮೇಲೆ ನಡುವಿನವರು,
ವರ್ಷಕ್ಕಿಷ್ಟು ಗಜವೆಂದು ಹಿಂದೆ ಸರಿಯುತ್ತ
ಕಡೆಗೆ ಗೋಡೆಗಳಲ್ಲಿ ಉಪ್ಪಿನ ಗೆರೆಯಾಗಿ ನಿಂತರು.
ಶಾಲೆಯಲ್ಲಿ ಮರಿಮೀನುಗಳಿಗೆ ಪಾಠ:
"ಇಲ್ಲಿ ಒಂದು ಕಾಲಕ್ಕೆ ಜನ ಇತ್ತು.
ಎಷ್ಟಿತ್ತೆಂದರೆ ಆಚೆ ದಡ ಕಾಣುತ್ತಿರಲಿಲ್ಲ."
ಕಾರ್ಖಾನೆ ನಿಂತಿಲ್ಲ. ಮೂರು ಪಾಳಿ.
ಡಬ್ಬಿಗೆ ತುಂಬುವುದು ಏನನ್ನೆಂದು
ಅವನೂ ಹೇಳಲಿಲ್ಲ, ಅವಳೂ ಕೇಳಲಿಲ್ಲ.
ಇಪ್ಪತ್ತಾರು ವರ್ಷದ ಸಂಸಾರವೂ ಹೀಗೇ ಸಾಗಿತ್ತು.

ಹಗಲು ಹೊತ್ತು ಎಲ್ಲ ಸರಿಯಾಗಿಯೇ ಇರುತ್ತದೆ.
ಪ್ರವಾಸಿಗಳು ಹಡಗಿನ ಮುಂದೆ ಸಾಲಾಗಿ ನಿಂತು ನಗುತ್ತಾರೆ.
ಫೋಟೋದಲ್ಲಿ ಎಲ್ಲರ ಕೂದಲೂ
ಮೇಲಕ್ಕೆ, ನಿಧಾನವಾಗಿ, ತೇಲುತ್ತಿರುತ್ತದೆ.
ಗಾಳಿ ಇರಬೇಕು, ಅಂದುಕೊಂಡು ಮನೆಗೆ ಕಳಿಸುತ್ತಾರೆ.

ನಿನ್ನೆ ಓರಿಂಗುಲ್ ಅಂಟು ಬಿಸಿ ಮಾಡಿದಳು.
ಟ್ರಂಕಿನ ತಳದಲ್ಲಿ ಒಂದೇ ಚೀಟಿ ಉಳಿದಿತ್ತು,
ನೀಲಿ ಅಲೆ, ಕೆಳಗೆ ಊರ ಹೆಸರು.
ಅಂಟಿಸಿಬಿಟ್ಟರೆ ಮುಗಿಯಿತು:
ಹೆಸರು ಬಿದ್ದದ್ದು ಒಳಗಿನದು, ಉಳಿದದ್ದು ಹೊರಗಿನದು.
ಡಬ್ಬಿ ಕೈಗೆತ್ತಿಕೊಂಡು, ಹಳೇ ರೂಢಿ,
ಕಿವಿಯ ಹತ್ತಿರ ಒಮ್ಮೆ ಅಲ್ಲಾಡಿಸಿದಳು.

ಮನೆ ಅಲ್ಲಾಡಿತು.

ಮೆಲ್ಲಗೆ, ತೀರ ಮೆಲ್ಲಗೆ, ಕೆಳಗಿಟ್ಟಳು.
ಆಮೇಲೆ ಕೇಳಿಸಿತು: ಗೋಡೆಯಾಚೆ, ಆಕಾಶದುದ್ದಕ್ಕೂ,
ಹಸಿ ಕಾಗದದ ಮೇಲೆ ಅಂಗೈ ಎಳೆಯುವ ಸದ್ದು,
ಈ ತುದಿಯಿಂದ ಆ ತುದಿಗೆ.
ಪಳಗಿದ ಕೈ.
ಒಂದು ಗುಳ್ಳೆಯೂ ಉಳಿಯಲಿಲ್ಲ.